ಶಾಖಾ ಕಚೇರಿಗಳ ಗಣಕಜಾಲ: ಜೋಡಿ ವ್ಯವಸ್ಥೆಯೂ ಆಪತ್ತಿನ ನಂತರದ ಪುನರುದ್ಧಾರವೂ

ಬಳಗಾನೂರಿನಂಥ ಊರುಗಳಲ್ಲಿ ಕಳೆದ ಎರಡು ದಶಕಗಳಿಂದೀಚೆಗೆ ಒಂದು ಹೊಸ ಮಾತು ಜನರ ನಾಲಗೆಯ ಮೇಲೆ ನಿಂತಿದೆ. ಪಹಣಿಗೆಂದು ಹೋದ ರೈತನಿಗೆ, ಪಡಿತರಕ್ಕೆಂದು ಹೋದ ಗೃಹಿಣಿಗೆ, ಪಿಂಚಣಿಗೆಂದು ಬ್ಯಾಂಕಿನ ಮೆಟ್ಟಿಲೇರಿದ ವೃದ್ಧನಿಗೆ ಕಿಟಕಿಯ ಒಳಗಿನಿಂದ ದೊರೆಯುವ ಉತ್ತರವದು: "ಸರ್ವರ್ ಇಲ್ರೀ, ನಾಳೆ ಬರ್ರಿ." ಸರ್ವರ್ ಎಂಬುದು ಎಲ್ಲಿದೆ, ಅದಕ್ಕೆ ಏನಾಗಿದೆ, ನಾಳೆಯಾದರೂ ಅದು ಬಂದೀತೇ ಎಂಬುದು ಕೇಳಿದವನಿಗೂ ತಿಳಿಯದು, ಬಹುಮಟ್ಟಿಗೆ ಹೇಳಿದವನಿಗೂ ತಿಳಿಯದು. ಒಂದು ದಿನದ ಕೂಲಿಯನ್ನು ಬಿಟ್ಟು ಬಂದವನು ಇನ್ನೊಂದು ದಿನದ ಕೂಲಿಯನ್ನೂ ಬಿಡಬೇಕಾಗುತ್ತದೆ, ಅಷ್ಟೆ. ದೂರದ ಯಂತ್ರವೊಂದು ನಿಂತಾಗ ಶಾಖೆಯ ಕೆಲಸ ನಿಲ್ಲದಂತೆ ಮಾಡುವುದು ಹೇಗೆ, ಆ ಯಂತ್ರವೇ ನಾಶವಾದರೆ ಅದರೊಳಗಿನ ಲೆಕ್ಕಪತ್ರಗಳನ್ನು ಮತ್ತೆ ಎತ್ತಿ ನಿಲ್ಲಿಸುವುದು ಹೇಗೆ ಎಂಬುದು ತಂತ್ರಜ್ಞರಿಗಷ್ಟೇ ಬಿಟ್ಟ ವಿಷಯವೆಂದು ಭಾವಿಸಲಾಗಿದೆ. ವಾಸ್ತವದಲ್ಲಿ ಅದರ ಅರ್ಧಕ್ಕಿಂತ ಹೆಚ್ಚಿನ ಭಾಗ ಕಚೇರಿಯ ಹಿರಿಯರೂ ಆಡಳಿತ ಮಂಡಳಿಯೂ ಕೂಡಿ ನಿರ್ಣಯಿಸಬೇಕಾದುದು.

ಹೈದರಾಬಾದು ಸಂಸ್ಥಾನದ ಕಾಲದಲ್ಲಿ ಈ ಸೀಮೆಯ ಹೊಲಗದ್ದೆಗಳ ಲೆಕ್ಕವೆಲ್ಲ ಪಟವಾರಿಯ ದಫ್ತರದಲ್ಲಿರುತ್ತಿತ್ತು. ಬಟ್ಟೆಯಲ್ಲಿ ಸುತ್ತಿದ ಆ ಗಂಟಿಗೆ ಗೆದ್ದಲು, ಮಳೆ, ಬೆಂಕಿ ಇವು ಮೂರೂ ಶತ್ರುಗಳು. ತಿದ್ದುವ ಕೈ ನಾಲ್ಕನೆಯದು. ಅನಂತರ ಗ್ರಾಮಲೆಕ್ಕಿಗರ ಕಾಲ ಬಂದಿತು. ಕರ್ನಾಟಕ ಸರ್ಕಾರವು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ನೆರವಿನಿಂದ 'ಭೂಮಿ' ಯೋಜನೆಯನ್ನು ಕೈಗೊಂಡು, 2000ದ ಸುಮಾರಿನಲ್ಲಿ ಸುಮಾರು 67 ಲಕ್ಷ ರೈತರಿಗೆ ಸಂಬಂಧಿಸಿದ 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ತಾಲ್ಲೂಕು ಕಚೇರಿಯ ಕೇಂದ್ರದಲ್ಲಿ 15 ರೂಪಾಯಿಗೆ ಪಹಣಿಯ ಪ್ರತಿ ದೊರೆಯತೊಡಗಿತು. ಯೋಜನೆ ಜಾರಿಗೆ ಬಂದ ತಾಲ್ಲೂಕುಗಳಲ್ಲಿ ಕೈಬರಹದ ಪಹಣಿಯ ಬಳಕೆಯನ್ನು ನಿಲ್ಲಿಸಲಾಯಿತು. ಈ ಕೊನೆಯ ಸಂಗತಿಯನ್ನು ಓದುಗರು ವಿಶೇಷವಾಗಿ ಗಮನಿಸಬೇಕು. ಕೈಬರಹಕ್ಕೆ ಮಾನ್ಯತೆ ಇಲ್ಲವಾದ ಮೇಲೆ ಯಂತ್ರ ನಿಂತರೆ ಹಕ್ಕಿನ ಪುರಾವೆಯೇ ನಿಂತಂತೆ. ಪಹಣಿಯಿಲ್ಲದೆ ಬೆಳೆಸಾಲವಿಲ್ಲ, ಬೆಳೆವಿಮೆಯಿಲ್ಲ.

ಭೂಮಿ ಯೋಜನೆಯ ಮೊದಲ ಘಟ್ಟದಲ್ಲಿ ಪ್ರತಿಯೊಂದು ತಾಲ್ಲೂಕಿಗೂ ತನ್ನದೇ ಆದ ಸರ್ವರ್ ಇದ್ದಿತು. ಅನಂತರದ ವರ್ಷಗಳಲ್ಲಿ ಅವೆಲ್ಲ ಬೆಂಗಳೂರಿನ ದತ್ತಾಂಶ ಕೇಂದ್ರಕ್ಕೆ ಜೋಡಣೆಗೊಂಡವು. ಬ್ಯಾಂಕುಗಳಲ್ಲಿಯೂ ಹೀಗೆಯೇ ಆಯಿತು: ಶಾಖೆಗೊಂದು ಯಂತ್ರವಿದ್ದ ಕಾಲ ಹೋಗಿ, ಎಲ್ಲ ಶಾಖೆಗಳಿಗೂ ಒಂದೇ ಕೇಂದ್ರವೆಂಬ ಕಾಲ ಬಂದಿತು. ಎರಡು ಪದ್ಧತಿಗಳಿಗೂ ಗುಣದೋಷಗಳುಂಟು. ಸರ್ವರ್ ಶಾಖೆಯಲ್ಲಿಯೇ ಇದ್ದರೆ ತಂತಿ ಕಡಿದರೂ ಕೆಲಸ ನಡೆಯುತ್ತದೆ. ಆದರೆ ಅದರ ಆರೈಕೆಗೆ ಬಲ್ಲವರು ಊರೂರಿಗೆ ಸಿಗುವುದಿಲ್ಲ. ಸಾಧಾರಣ ಕೊಠಡಿಯ ಧೂಳು ಮತ್ತು ಬಿಸಿಲಿಗೆ ಅದು ಬಲಿಯಾಗುತ್ತದೆ. ಕೇಂದ್ರದಲ್ಲಿದ್ದರೆ ಆರೈಕೆ ಸುಲಭ, ಆದರೆ ಅಲ್ಲಿಯ ಒಂದು ದೋಷ ಎಲ್ಲ ಶಾಖೆಗಳನ್ನೂ ಒಟ್ಟಿಗೆ ಮಲಗಿಸುತ್ತದೆ. ಹೀಗಿರಲಾಗಿ, ಕೇಂದ್ರೀಕರಣವು ಜೋಡಿ ವ್ಯವಸ್ಥೆಯ ಅಗತ್ಯವನ್ನು ಕಡಿಮೆ ಮಾಡುವುದಿಲ್ಲ, ಇನ್ನಷ್ಟು ಹೆಚ್ಚಿಸುತ್ತದೆ.

ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳನ್ನು ಜನ ಸಾಮಾನ್ಯವಾಗಿ ಒಂದೆಂದು ತಿಳಿಯುತ್ತಾರೆ. ಒಂದು ಭಾಗ ಕೆಟ್ಟಾಗ ಅದರ ಸ್ಥಾನದಲ್ಲಿ ಇನ್ನೊಂದು ನಿಂತು ಕೆಲಸ ಮುಂದುವರಿಯುವಂತೆ ಮಾಡುವುದು ಜೋಡಿ ವ್ಯವಸ್ಥೆ. ಬೆಂಕಿ, ನೆರೆ, ಕಳವು ಮೊದಲಾದವುಗಳಿಂದ ಇಡೀ ಸ್ಥಳವೇ ಹೋದಾಗ ಬೇರೊಂದು ಸ್ಥಳದಲ್ಲಿ ಕೆಲಸವನ್ನು ಮತ್ತೆ ಎತ್ತಿ ನಿಲ್ಲಿಸುವುದು ಪುನರುದ್ಧಾರ. ಮೊದಲನೆಯದು ಇದ್ದ ಮಾತ್ರಕ್ಕೆ ಎರಡನೆಯದು ಇದ್ದಂತಾಗದು. ಹಾಗೆಯೇ, ಸಂಖ್ಯೆಯಲ್ಲಿ ಹಲವು ಇದ್ದ ಮಾತ್ರಕ್ಕೆ ಮೊದಲನೆಯದು ಇದ್ದಂತೆಯೂ ಆಗದು.

ಇದಕ್ಕೆ ಈ ಸೀಮೆಯವರಿಗೆ ಬೇರೆ ನಿದರ್ಶನ ಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿ ಹೋಯಿತು. ಅಣೆಕಟ್ಟೆಯಲ್ಲಿ ಒಟ್ಟು 33 ಗೇಟುಗಳುಂಟು. ಆದರೆ ಒಂದು ಹೋದರೆ ಅದರ ಕೆಲಸವನ್ನು ಮತ್ತೊಂದು ಮಾಡಲಾರದು. ಒತ್ತಡವನ್ನು ಇಳಿಸಲು ಉಳಿದವುಗಳನ್ನೂ ತೆರೆಯಬೇಕಾಯಿತು. ಗೇಟಿನ ಮುಂದೆ ಇಳಿಬಿಡಬೇಕಾದ ತಡೆಹಲಗೆಗಳನ್ನು ಹೊಸದಾಗಿ ಸಿದ್ಧಪಡಿಸಿ ತರುವವರೆಗೂ ನೀರು ಹರಿಯುತ್ತಲೇ ಇತ್ತು. ಗೇಟುಗಳ ಕೆಲಸದಲ್ಲಿ ಪಳಗಿದ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲಿಯೇ ತುಂಡು ತುಂಡಾಗಿ ಹಲಗೆಗಳನ್ನು ಇಳಿಸಿ, ಒಂದು ವಾರದೊಳಗೆ ಹರಿವನ್ನು ತಡೆದುದು ಸಾಹಸವೇ ಸರಿ. ಆ ವಾರ ಎಡದಂಡೆ ಕಾಲುವೆಯನ್ನೇ ನಂಬಿ ಭತ್ತ ನಾಟಿ ಮಾಡಿದ್ದ ಸಿಂಧನೂರು ಮಸ್ಕಿ ಭಾಗದ ರೈತರು ಹೇಗೆ ಕಳೆದರೆಂಬುದನ್ನು ವಿವರಿಸಬೇಕಾಗಿಲ್ಲ. ಮೂವತ್ಮೂರು ಗೇಟುಗಳು ಜೋಡಿ ವ್ಯವಸ್ಥೆಯಲ್ಲ. ಮೊದಲೇ ಅಳತೆಗೆ ಸಿದ್ಧವಾಗಿ ದಡದ ಮೇಲಿರುವ ಒಂದು ತಡೆಹಲಗೆ ಜೋಡಿ ವ್ಯವಸ್ಥೆ.

ಈಗ ಗಣಕಜಾಲದ ವಿಷಯಕ್ಕೆ ಬರಬಹುದು. ಒಕ್ಕೂಟ ಸರ್ಕಾರವು 2022ರ ಜೂನ್‌ನಲ್ಲಿ 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ನೀಡಿದಂದಿನಿಂದ ಸಣ್ಣ ಸಂಘಗಳಿಗೂ ಈ ಪ್ರಶ್ನೆ ಮನೆಬಾಗಿಲಿಗೆ ಬಂದಿದೆ. ವಿವರಣೆಯ ಅನುಕೂಲಕ್ಕಾಗಿ ಒಂದು ಸಂಘವನ್ನು ಕಲ್ಪಿಸಿಕೊಳ್ಳೋಣ. ಅದರ ಪ್ರಧಾನ ಕಚೇರಿ ಸಿಂಧನೂರಿನಲ್ಲಿದೆ. ಲಿಂಗಸುಗೂರು, ಮಸ್ಕಿ, ಬಳಗಾನೂರುಗಳಲ್ಲಿ ಒಂದೊಂದು ಶಾಖೆ. ಠೇವಣಿ, ಸಾಲ, ಗೊಬ್ಬರ ಮಾರಾಟ ಇವುಗಳ ಲೆಕ್ಕವೆಲ್ಲ ಸಿಂಧನೂರಿನ ಒಂದು ಸರ್ವರಿನಲ್ಲಿದೆ.

ಇಂಥ ಸಂಘದ ಕಾರ್ಯದರ್ಶಿಯು ಯಂತ್ರ ಮಾರುವವನನ್ನು ಕರೆಯುವ ಮೊದಲು ಎರಡು ಪ್ರಶ್ನೆಗಳನ್ನು ಆಡಳಿತ ಮಂಡಳಿಯ ಮುಂದಿಡಬೇಕು. ಕೆಲಸ ಎಷ್ಟು ಹೊತ್ತು ನಿಂತರೆ ಸಹಿಸಬಹುದು? ಎಷ್ಟು ಹೊತ್ತಿನ ನಮೂದುಗಳು ಕಳೆದುಹೋದರೆ ಸಹಿಸಬಹುದು? ಮೇಲುನೋಟಕ್ಕೆ ಎರಡೂ ಒಂದೇ ಎಂಬಂತೆ ಕಾಣುತ್ತವೆ, ಹಾಗಲ್ಲ. ಠೇವಣಿ ಖಾತೆಯ ಕೆಲಸ ಅರ್ಧ ದಿನ ನಿಂತರೆ ಜನ ಗೊಣಗಿಕೊಂಡು ಮರುದಿನ ಬಂದಾರು. ಆದರೆ ಅರ್ಧ ದಿನ ಕಟ್ಟಿಸಿಕೊಂಡ ಹಣದ ನಮೂದು ಕಳೆದುಹೋದರೆ ಸಂಘದ ಮೇಲಿನ ನಂಬಿಕೆಯೇ ಹೋಗುತ್ತದೆ. ನೌಕರರ ಹಾಜರಿಯ ವಿಷಯದಲ್ಲಿ ಎರಡೂ ಸಹ್ಯ. ಅಲ್ಲದೆ ಉತ್ತರವು ಋತುವಿಗೆ ತಕ್ಕಂತೆ ಬದಲಾಗುತ್ತದೆ. ಸಾಲ ನವೀಕರಣದ ಮಾರ್ಚ್ ಕೊನೆಯ ವಾರದಲ್ಲಿ, ಮುಂಗಾರಿನ ಬೀಜ ಗೊಬ್ಬರದ ಹೊತ್ತಿನಲ್ಲಿ ಎರಡು ಗಂಟೆಯೂ ದೀರ್ಘವೇ; ಏಪ್ರಿಲ್ ಮಧ್ಯದಲ್ಲಿ ಒಂದು ದಿನವೂ ನಡೆದೀತು. ಎಲ್ಲದಕ್ಕೂ "ಒಂದು ನಿಮಿಷವೂ ನಿಲ್ಲಬಾರದು" ಎಂದು ಹೇಳುವ ಮಂಡಳಿಯು ಪ್ರಶ್ನೆಯನ್ನು ಅರ್ಥಮಾಡಿಕೊಂಡಿಲ್ಲವೆಂದೇ ತಿಳಿಯಬೇಕು. ಏಕೆಂದರೆ ಆ ಉತ್ತರದ ಬೆಲೆ ಸಂಘದ ವರ್ಷದ ಲಾಭವನ್ನು ಮೀರೀತು. ಉತ್ತರವನ್ನು ಯಂತ್ರ ಮಾರುವವನಿಂದಲೇ ಪಡೆಯುವ ಪದ್ಧತಿಯೂ ಉಂಟು. ಅಂಥಲ್ಲಿ ದುಬಾರಿ ಯಂತ್ರ ಬರುತ್ತದೆ, ಉತ್ತರ ಬರುವುದಿಲ್ಲ.

ಪ್ರಶ್ನೆಗಳು ಇತ್ಯರ್ಥವಾದ ಮೇಲೆ ಬಳಗಾನೂರಿನ ಕಿಟಕಿಯಿಂದ ಸಿಂಧನೂರಿನ ಸರ್ವರಿನವರೆಗೆ ಒಂದೊಂದೇ ಕೊಂಡಿಯನ್ನು ಎಣಿಸುತ್ತ ಹೋಗಬೇಕು. ಕರೆಂಟು, ಯು.ಪಿ.ಎಸ್., ಶಾಖೆಯ ಗಣಕ, ರೂಟರ್, ಊರಿನಿಂದ ಹೊರಡುವ ತಂತಿ, ಪ್ರಧಾನ ಕಚೇರಿಯ ರೂಟರ್, ಸರ್ವರ್, ಅದರೊಳಗಿನ ಡಿಸ್ಕು, ಕೊನೆಯಲ್ಲಿ ಅದರ ಪಾಸ್‌ವರ್ಡ್ ಬಲ್ಲ ಮನುಷ್ಯ. ಇವುಗಳಲ್ಲಿ ಯಾವುದು ಒಂಟಿಯಾಗಿದೆಯೋ ಅಲ್ಲಿ ಒಂದು ದಿನ ಕೆಲಸ ನಿಲ್ಲುತ್ತದೆ. ಸರ್ವರಿಗೆ ಲಕ್ಷಗಟ್ಟಲೆ ಸುರಿದು ನೂರಾರು ರೂಪಾಯಿಯ ಸ್ವಿಚ್ಚೊಂದನ್ನು ಒಂಟಿಯಾಗಿ ಬಿಟ್ಟ ಕಚೇರಿಗಳು ಕಡಿಮೆಯೇನಲ್ಲ.

ಕರೆಂಟಿನ ಮಾತು ಮೊದಲು. ಶಕ್ತಿನಗರದಲ್ಲಿ 1985ರಿಂದ ವಿದ್ಯುತ್ತನ್ನು ಉತ್ಪಾದಿಸಿ ನಾಡಿಗೆಲ್ಲ ಹಂಚುತ್ತಿರುವ ರಾಯಚೂರು ಜಿಲ್ಲೆಯಲ್ಲಿಯೇ ಹಳ್ಳಿಯ ಕಚೇರಿಗಳು ಕರೆಂಟಿಗಾಗಿ ಕಾದು ಕೂರುವುದು ವಿಚಿತ್ರವಾದರೂ ನಿಜ. ಯು.ಪಿ.ಎಸ್. ಇದೆಯೆಂಬ ಸಮಾಧಾನ ಸಾಲದು. ಸೀಸ-ಆಮ್ಲದ ಬ್ಯಾಟರಿಯ ಆಯುಸ್ಸನ್ನು 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಅಳೆಯಲಾಗಿರುತ್ತದೆ. ಅದಕ್ಕಿಂತ ಸುಮಾರು 10 ಡಿಗ್ರಿ ಏರಿದರೆ ಆಯುಸ್ಸು ಅರ್ಧಕ್ಕಿಳಿಯುತ್ತದೆಂಬುದು ಸ್ಥೂಲ ನಿಯಮ. ಈ ಭಾಗದ ಬೇಸಿಗೆಯು 40 ಡಿಗ್ರಿಯನ್ನು ಸಲೀಸಾಗಿ ದಾಟುತ್ತದೆ. ಆದಕಾರಣ ಐದು ವರ್ಷ ಬಾಳಬೇಕೆಂದು ಕೊಂಡ ಬ್ಯಾಟರಿಯನ್ನು ಎರಡನೆಯ ವರ್ಷದಿಂದಲೇ ಅನುಮಾನಿಸಬೇಕು. ಮೂರು ತಿಂಗಳಿಗೊಮ್ಮೆ ಮುಖ್ಯ ಸ್ವಿಚ್ಚನ್ನು ತೆಗೆದು, ಎಷ್ಟು ನಿಮಿಷ ಕೆಲಸ ನಡೆಯುತ್ತದೆಂದು ಗಡಿಯಾರ ನೋಡಿ ಬರೆದಿಡುವುದೇ ಇದಕ್ಕೆ ಪರೀಕ್ಷೆ.

ತಂತಿಯ ವಿಷಯದಲ್ಲಿ ಸ್ವಲ್ಪ ಲೆಕ್ಕ ಹಾಕಬೇಕಾಗುತ್ತದೆ. ಒಂದು ಸಂಪರ್ಕವು ನೂರರಲ್ಲಿ 95 ಪಾಲು ಹೊತ್ತು ನಡೆಯುತ್ತದೆಂದು ಹಿಡಿದರೆ ವರ್ಷದಲ್ಲಿ 18 ದಿನ ಅದು ಇರುವುದಿಲ್ಲ. ಅಂಥದೇ ಇನ್ನೊಂದನ್ನು ಸೇರಿಸಿದರೆ ಎರಡೂ ಏಕಕಾಲಕ್ಕೆ ಇಲ್ಲದಿರುವ ಸಂಭವ ನೂರರಲ್ಲಿ ಕಾಲು ಪಾಲು ಮಾತ್ರ. ಎಂದರೆ ವರ್ಷಕ್ಕೆ ಸುಮಾರು 22 ಗಂಟೆ. ಎರಡು ಸಾಧಾರಣ ತಂತಿಗಳು ಒಂದು ಉತ್ತಮ ತಂತಿಗಿಂತ ಮೇಲೆಂಬುದು ಈ ಗಣಿತದ ಫಲ. ಆದರೆ ಒಂದರ ಅಳಿವು ಇನ್ನೊಂದಕ್ಕೆ ತಾಗಬಾರದೆಂಬ ಷರತ್ತಿನ ಮೇಲೆ ಈ ಗಣಿತ ನಿಂತಿದೆ. ಎರಡು ಬೇರೆ ಕಂಪನಿಗಳಿಂದ ಪಡೆದ ಎರಡು ಕೇಬಲ್ಲುಗಳು ಊರಾಚೆಯ ರಸ್ತೆಬದಿಯಲ್ಲಿ ಒಂದೇ ಕಾಲುವೆಯಲ್ಲಿ ಮಲಗಿದ್ದರೆ, ಕುಡಿಯುವ ನೀರಿನ ಪೈಪಿಗೆಂದು ಬಂದ ಜೆ.ಸಿ.ಬಿ. ಎರಡನ್ನೂ ಒಂದೇ ಏಟಿಗೆ ಕಡಿಯುತ್ತದೆ. ಆಗ ಬಿಲ್ಲುಗಳಷ್ಟೇ ಎರಡು. ಕೇಬಲ್ಲಿಗೆ ಜೊತೆಯಾಗಿ ಮೊಬೈಲ್ ಸಂಪರ್ಕವನ್ನಿಡುವುದು ಒಳ್ಳೆಯ ಉಪಾಯ. ಆದರೆ ಆ ಮೊಬೈಲ್ ಗೋಪುರಕ್ಕೂ ಅದೇ ಕೇಬಲ್ಲಿನಿಂದ ಸಂಪರ್ಕ ಬರುತ್ತಿದೆಯೇ ಎಂದು ವಿಚಾರಿಸಿಕೊಂಡೇ ಕೊಳ್ಳಬೇಕು.

ಸರ್ವರಿನೊಳಗೆ ಒಂದೇ ಬರಹವನ್ನು ಎರಡು ಡಿಸ್ಕುಗಳಲ್ಲಿ ಏಕಕಾಲಕ್ಕೆ ಬರೆಯುವ ಪದ್ಧತಿ ಹಳೆಯದು, ಅಗ್ಗದ್ದು, ಬಿಡಲಾಗದ್ದು. ಒಂದೇ ದಿನ ಒಂದೇ ಪೆಟ್ಟಿಗೆಯಿಂದ ಬಂದ ಡಿಸ್ಕುಗಳು ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಸೋಲುವುದುಂಟಾದ್ದರಿಂದ ಬೇರೆ ಬೇರೆ ತಂಡದವನ್ನು ಕೊಳ್ಳುವುದು ಲೇಸು. ಇದಕ್ಕಿಂತ ಮುಂದೆ ಹೋಗಿ ಎರಡು ಸರ್ವರುಗಳನ್ನೇ ಜೋಡಿಯಾಗಿ ಇಡುವವರಿದ್ದಾರೆ. ಅಲ್ಲಿ ಹೊಸದೊಂದು ತೊಡಕು ಹುಟ್ಟುತ್ತದೆ. ಎರಡರ ನಡುವಿನ ತಂತಿಯಷ್ಟೇ ಕಡಿದು ಎರಡೂ ಜೀವಂತವಾಗಿದ್ದರೆ, ಪ್ರತಿಯೊಂದೂ ಇನ್ನೊಂದು ಸತ್ತಿತೆಂದು ಭಾವಿಸಿ ತಾನೇ ಯಜಮಾನಿಕೆ ವಹಿಸಿಕೊಳ್ಳುತ್ತದೆ. ಇಬ್ಬರು ಗುಮಾಸ್ತರು ಒಬ್ಬರಿಗೊಬ್ಬರು ತಿಳಿಯದಂತೆ ಎರಡು ವಹಿಗಳಲ್ಲಿ ಒಂದೇ ರಸೀದಿ ಸಂಖ್ಯೆಯಿಂದ ಬರೆಯತೊಡಗಿದಂತೆ ಇದು. ಸಂಜೆ ಎರಡು ವಹಿಗಳನ್ನು ಕೂಡಿಸುವ ಹೊತ್ತಿಗೆ ಯಾವುದು ಸತ್ಯವೆಂದು ಹೇಳುವವರಿರುವುದಿಲ್ಲ. ಆದಕಾರಣ ಮೂರನೆಯ ಒಂದು ಚಿಕ್ಕ ಯಂತ್ರವನ್ನು ಸಾಕ್ಷಿಯಾಗಿ ಬೇರೆಡೆ, ಉದಾಹರಣೆಗೆ ಲಿಂಗಸುಗೂರಿನ ಶಾಖೆಯಲ್ಲಿ, ಇಡುತ್ತಾರೆ. ಸಾಕ್ಷಿ ಯಾರಿಗೆ ಕಾಣುತ್ತದೆಯೋ ಅವರು ಬರೆಯಬೇಕು, ಕಾಣದವರು ಲೇಖನಿ ಕೆಳಗಿಡಬೇಕು. ನಾಲ್ಕು ಕಚೇರಿಗಳ ಸಂಘಕ್ಕೆ ಇಷ್ಟೆಲ್ಲ ಬೇಕೇ ಎಂದರೆ ಹೆಚ್ಚಿನ ಸಂದರ್ಭಗಳಲ್ಲಿ ಬೇಡ. ಮೊದಲ ಸರ್ವರ್ ಕೆಟ್ಟರೆ ಎರಡು ಗಂಟೆಯೊಳಗೆ ಕೈಯಾರೆ ಎಬ್ಬಿಸಬಹುದಾದ ಎರಡನೆಯದೊಂದು ಸಿದ್ಧವಿದ್ದರೆ ಸಾಕು. ತಾನಾಗಿ ಬದಲಾಗುವ ಯಂತ್ರಕ್ಕಿಂತ, ಬದಲಾಯಿಸಲು ಬಲ್ಲ ಇಬ್ಬರು ಮನುಷ್ಯರು ಇಂಥಲ್ಲಿ ಹೆಚ್ಚು ನಂಬಲರ್ಹರು.

ಇನ್ನು ಪ್ರತಿಗಳ ವಿಷಯ. ಜೋಡಿ ಡಿಸ್ಕನ್ನೇ ಪ್ರತಿಯೆಂದು ತಿಳಿಯುವ ತಪ್ಪು ಬಹಳ ಕಡೆ ಕಂಡುಬರುತ್ತದೆ. ಗುಮಾಸ್ತನು ಅರಿಯದೆ ಒಂದು ಖಾತೆಯನ್ನು ಅಳಿಸಿದರೆ ಜೋಡಿ ಡಿಸ್ಕಿನಲ್ಲಿಯೂ ಅದೇ ಕ್ಷಣ ಅಳಿಯುತ್ತದೆ. ಕನ್ನಡಿಯು ಮುಖದ ಕಲೆಯನ್ನೂ ತೋರಿಸುವುದಷ್ಟೆ. ಮೂರು ಪ್ರತಿಗಳಿರಬೇಕು, ಎರಡು ಬಗೆಯ ಸಾಧನಗಳ ಮೇಲಿರಬೇಕು, ಒಂದಾದರೂ ಬೇರೆ ಊರಿನಲ್ಲಿರಬೇಕು ಎಂಬ ಸೂತ್ರ ಈ ಕ್ಷೇತ್ರದಲ್ಲಿ ರೂಢಿಯಲ್ಲಿದೆ.

ಬಳಗಾನೂರಿಗೆ ಸಮೀಪದ ಮಸ್ಕಿಯ ಬಂಡೆಯೊಂದು ಈ ಸೂತ್ರಕ್ಕೆ ಎರಡು ಸಾವಿರ ವರ್ಷಗಳಿಗಿಂತ ಹಳೆಯ ಸಾಕ್ಷ್ಯವನ್ನೊದಗಿಸುತ್ತದೆ. ಮೌರ್ಯ ಚಕ್ರವರ್ತಿಯು ತನ್ನ ಒಂದೇ ಆಜ್ಞೆಯನ್ನು ಒಂದೇ ಕಡೆ ಕೆತ್ತಿಸಿ ಸುಮ್ಮನಾಗಲಿಲ್ಲ. ಮಸ್ಕಿಯಲ್ಲಿ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿ, ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೊಳಗಳಲ್ಲಿ, ಉತ್ತರದಲ್ಲಿಯೂ ಹಲವು ಕಡೆ ಅದನ್ನು ಕೆತ್ತಿಸಿದನು. ಕಾಲಾಂತರದಲ್ಲಿ ಒಂದೊಂದು ಬಂಡೆಯಲ್ಲಿ ಒಂದೊಂದು ಕಡೆ ಅಕ್ಷರ ಸವೆದುಹೋಯಿತು. ಒಂದರಲ್ಲಿ ಸವೆದುದನ್ನು ವಿದ್ವಾಂಸರು ಮತ್ತೊಂದರಿಂದ ತುಂಬಿಕೊಂಡರು. ಬಹಳ ಪ್ರತಿಗಳಲ್ಲಿ ರಾಜನ ಬಿರುದು ಮಾತ್ರವಿದ್ದು ಹೆಸರಿಲ್ಲ. ಚಿನ್ನದ ಗಣಿಗಳ ಇಂಜಿನಿಯರಾಗಿದ್ದ ಬೀಡನ್ 1915ರಲ್ಲಿ ಮಸ್ಕಿಯ ಶಾಸನವನ್ನು ಬೆಳಕಿಗೆ ತಂದಾಗ ಅದರಲ್ಲಿ ಅಶೋಕನೆಂಬ ಹೆಸರೇ ಇದ್ದಿತು. ಬೇರೆಡೆಯ ಬಹಳ ಪ್ರತಿಗಳಲ್ಲಿ ಇಲ್ಲದಿದ್ದುದು ಮಸ್ಕಿಯ ಪ್ರತಿಯಲ್ಲಿ ಉಳಿದಿದ್ದಿತು. ಆ ಪ್ರತಿಗಳೆಲ್ಲ ಒಂದೇ ಬೆಟ್ಟದ ಮೇಲಿದ್ದಿದ್ದರೆ ಈ ಉಪಕಾರ ಆಗುತ್ತಿರಲಿಲ್ಲವೆಂಬುದು ಸ್ಪಷ್ಟ.

ಪ್ರತಿಯು ದೂರದಲ್ಲಿರುವುದು ಎಷ್ಟು ಮುಖ್ಯವೋ ಜಾಲದಿಂದ ಬೇರ್ಪಟ್ಟಿರುವುದೂ ಅಷ್ಟೇ ಮುಖ್ಯವೆಂಬುದನ್ನು ಇತ್ತೀಚಿನ ವರ್ಷಗಳು ಕಲಿಸಿವೆ. 2024ರ ಜುಲೈ ಕೊನೆಯಲ್ಲಿ, ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ಗಣಕಸೇವೆ ಒದಗಿಸುತ್ತಿದ್ದ ಸಿ-ಎಡ್ಜ್ ಟೆಕ್ನಾಲಜೀಸ್ ಸಂಸ್ಥೆಯ ಮೇಲೆ ರ‍್ಯಾನ್ಸಮ್‌ವೇರ್ ದಾಳಿ ನಡೆದು, ದೇಶದ ಸುಮಾರು 300 ಸಣ್ಣ ಬ್ಯಾಂಕುಗಳನ್ನು ಪಾವತಿ ಜಾಲದಿಂದ ತಾತ್ಕಾಲಿಕವಾಗಿ ಪ್ರತ್ಯೇಕಿಸಬೇಕಾಯಿತು. ಈ ಬಗೆಯ ದಾಳಿಯಲ್ಲಿ ಕಳ್ಳನು ಕಡತಗಳನ್ನು ಒಯ್ಯುವುದಕ್ಕಿಂತ ಹೆಚ್ಚಾಗಿ ಅವಕ್ಕೆ ತನ್ನ ಬೀಗ ಹಾಕಿ ಹಣ ಕೇಳುತ್ತಾನೆ. ಜಾಲಕ್ಕೆ ಸೇರಿದ ಪ್ರತಿಗಳಿಗೂ ಅದೇ ಬೀಗ ಬೀಳುತ್ತದೆ. ಆದಕಾರಣ ವಾರಕ್ಕೊಮ್ಮೆಯಾದರೂ ಒಂದು ಡಿಸ್ಕಿನ ಮೇಲೆ ಪ್ರತಿ ತೆಗೆದು, ತಂತಿ ಬಿಚ್ಚಿ, ಬೀರುವಿನಲ್ಲಿಟ್ಟು ಬೀಗ ಹಾಕುವ ಹಳೆಯ ಕ್ರಮಕ್ಕೆ ಮತ್ತೆ ಬೆಲೆ ಬಂದಿದೆ.

ಬೀರು ಯಾವ ಊರಿನದು? ಸಿಂಧನೂರಿನ ಕಚೇರಿಗೆ ಅಪಾಯ ಬಂದಾಗ ಅದೇ ಅಪಾಯ ತಲಪದ ಊರಿನದಾಗಿರಬೇಕು. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ಮಹಾಮಳೆಯಲ್ಲಿ ಉತ್ತರ ಕರ್ನಾಟಕದ ಹಲವು ಜಿಲ್ಲೆಗಳು ಏಕಕಾಲಕ್ಕೆ ಜಲಾವೃತವಾದವು. ನೆರೆಯ ಮಂತ್ರಾಲಯ, ಕರ್ನೂಲುಗಳೂ ಮುಳುಗಿದವು. ಪಕ್ಕದ ಊರು ದೂರದ ಊರಲ್ಲವೆಂದು ಆ ವಾರ ತೋರಿಸಿಕೊಟ್ಟಿತು. ಪಕ್ಕದ ಕಟ್ಟಡವಂತೂ ದೂರವೇ ಅಲ್ಲ: 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಓವಿಎಚ್ ಸಂಸ್ಥೆಯ ಒಂದು ದತ್ತಾಂಶ ಕೇಂದ್ರ ಸುಟ್ಟು, ಮಗ್ಗುಲಿನದಕ್ಕೂ ಹಾನಿ ತಗುಲಿದಾಗ, ಅದೇ ಆವರಣದಲ್ಲಿ ಪ್ರತಿಯನ್ನಿಟ್ಟಿದ್ದ ಕೆಲವು ಗ್ರಾಹಕರು ಮೂಲವನ್ನೂ ಪ್ರತಿಯನ್ನೂ ಒಟ್ಟಿಗೆ ಕಳೆದುಕೊಂಡರು. ತಂತ್ರಜ್ಞಾನದಲ್ಲಿ ಅಗ್ರಗಣ್ಯವೆನಿಸಿದ ದಕ್ಷಿಣ ಕೊರಿಯದ ಡೇಜಾನ್ ನಗರದ ಸರ್ಕಾರಿ ಕೇಂದ್ರದಲ್ಲಿ 2025ರ ಸೆಪ್ಟೆಂಬರ್ 26ರಂದು ಲಿಥಿಯಂ ಬ್ಯಾಟರಿಯಿಂದ ಬೆಂಕಿ ಹೊತ್ತಿ 709 ಸೇವೆಗಳು ಸ್ತಬ್ಧವಾದವು. ಸರ್ಕಾರಿ ನೌಕರರ ಕಡತಗಳಿದ್ದ ಒಂದು ಭಂಡಾರದ 858 ಟೆರಾಬೈಟ್ ಮಾಹಿತಿ ಶಾಶ್ವತವಾಗಿ ಹೋಯಿತು. ಅದರ ಗಾತ್ರ ಬಹಳ ದೊಡ್ಡದಾದ್ದರಿಂದ ಹೊರಗೆ ಪ್ರತಿಯನ್ನಿಟ್ಟಿರಲಿಲ್ಲವೆಂಬುದು ಅಲ್ಲಿಯವರು ಕೊಟ್ಟ ಕಾರಣ.

ಗಾತ್ರದ ತೊಂದರೆ ಸಣ್ಣ ಸಂಘಕ್ಕೂ ಉಂಟು, ಆದರೆ ಉಪಾಯವೂ ಉಂಟು. ಸಂಘದ ಒಟ್ಟು ಮಾಹಿತಿ 500 ಗಿಗಾಬೈಟ್ ಎಂದೂ ಮೇಲ್ಮುಖ ಸಂಪರ್ಕದ ವೇಗ ಸೆಕೆಂಡಿಗೆ 2 ಮೆಗಾಬಿಟ್ ಎಂದೂ ಹಿಡಿದರೆ, ಅಷ್ಟನ್ನೂ ತಂತಿಯ ಮೂಲಕ ಬೆಂಗಳೂರಿಗೆ ಕಳಿಸಲು ಹಗಲಿರುಳೆನ್ನದೆ 23 ದಿನ ಬೇಕು. ಅದೇ ಮಾಹಿತಿಯುಳ್ಳ ಡಿಸ್ಕನ್ನು ಚೀಲದಲ್ಲಿಟ್ಟುಕೊಂಡು ರಾತ್ರಿಯ ಬಸ್ಸು ಹತ್ತಿದರೆ ಬೆಳಗಾಗುವಷ್ಟರಲ್ಲಿ ಬೆಂಗಳೂರು. ಮೊದಲ ಪ್ರತಿ ಬಸ್ಸಿನಲ್ಲಿ ಹೋಗಲಿ. ಅನಂತರ ದಿನದಿನದ ಬದಲಾವಣೆ, 4 ಗಿಗಾಬೈಟ್ ಆದರೂ, ಸುಮಾರು ನಾಲ್ಕೂವರೆ ಗಂಟೆಯಲ್ಲಿ ರಾತ್ರಿ ತಂತಿಯ ಮೇಲೆ ಹೋದೀತು.

ಪ್ರತಿಯಿದೆಯೆಂಬುದು ಬೇರೆ, ಅದರಿಂದ ಕೆಲಸ ಮತ್ತೆ ಎದ್ದೀತೆಂಬುದು ಬೇರೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಸಂಸ್ಥೆಯಲ್ಲಿ ನೌಕರನೊಬ್ಬನು ತಪ್ಪು ಸರ್ವರಿನ ಮೇಲೆ ಅಳಿಸುವ ಆಜ್ಞೆ ಕೊಟ್ಟನು. ಪ್ರತಿ ತೆಗೆಯಲು ಅವರಲ್ಲಿ ಒಂದಲ್ಲ, ಹಲವು ಏರ್ಪಾಡುಗಳಿದ್ದವು. ಹುಡುಕಿದಾಗ ಒಂದು ಬಹುಕಾಲದಿಂದ ಸದ್ದಿಲ್ಲದೆ ವಿಫಲವಾಗುತ್ತಿತ್ತು. ವೈಫಲ್ಯದ ಎಚ್ಚರಿಕೆಯ ಪತ್ರಗಳು ಯಾರಿಗೂ ತಲಪುತ್ತಿರಲಿಲ್ಲ. ಕಡೆಗೆ ಆರು ಗಂಟೆ ಹಿಂದಿನ ಒಂದು ಪ್ರತಿಯಿಂದ ಕೆಲಸ ಎದ್ದಿತು. ಆ ಸಂಸ್ಥೆ ಇದನ್ನೆಲ್ಲ ಮುಚ್ಚಿಡದೆ ಪ್ರಕಟಿಸಿದುದರಿಂದ ಉಳಿದವರಿಗೆ ಪಾಠವಾಯಿತು. ನಮ್ಮ ಕಲ್ಪಿತ ಸಂಘವು ಮೂರು ತಿಂಗಳಿಗೊಮ್ಮೆ ಒಂದು ರಜಾದಿನ, ಬೀರುವಿನ ಡಿಸ್ಕನ್ನು ಮಸ್ಕಿ ಶಾಖೆಗೆ ಒಯ್ದು, ಖಾಲಿ ಯಂತ್ರವೊಂದರ ಮೇಲೆ ಇಡೀ ಲೆಕ್ಕವನ್ನು ಎಬ್ಬಿಸಿ ನೋಡಬೇಕು. ನಿತ್ಯ ಈ ಕೆಲಸ ಮಾಡುವವನು ಅಂದು ಕೈಕಟ್ಟಿ ಕುಳಿತಿರಬೇಕು. ಬರೆದಿಟ್ಟ ಸೂಚನೆಗಳನ್ನು ಓದಿಕೊಂಡು ಇನ್ನೊಬ್ಬನು ಮಾಡಬೇಕು. ಸೂಚನೆಯ ಪುಸ್ತಕವು ಕೆಟ್ಟ ಸರ್ವರಿನೊಳಗೇ ಇದೆ, ಪ್ರತಿಯ ಬೀಗದ ಸಂಕೇತ ಒಬ್ಬನ ನೆನಪಿನಲ್ಲಿ ಮಾತ್ರವಿದೆ ಎಂಬಂಥ ಸಂಗತಿಗಳೆಲ್ಲ ಹೊರಬೀಳುವುದು ಅಂಥ ದಿನಗಳಲ್ಲಿಯೇ.

ಯಂತ್ರ ಏಳುವವರೆಗೆ ಬಳಗಾನೂರಿನ ಕಿಟಕಿಯಲ್ಲಿ ಏನು ನಡೆಯಬೇಕೆಂಬುದನ್ನು ಯೋಜನೆ ಬರೆಯುವವರು ಮರೆಯುವುದೇ ಹೆಚ್ಚು. ಹಿಂದಿನ ಸಂಜೆಯ ಬಾಕಿಗಳ ಪಟ್ಟಿಯೊಂದು ಶಾಖೆಯ ಗಣಕದಲ್ಲಿಯೇ, ನೋಡಲು ಮಾತ್ರ ಬರುವಂತೆ ಇರಬೇಕು. ಬೇರೆ ಅಕ್ಷರದಿಂದ ಆರಂಭವಾಗುವ ಸಂಖ್ಯೆಯ ಮುದ್ರಿತ ರಸೀದಿ ಪುಸ್ತಕವಿರಬೇಕು. ಹಣ ಕಟ್ಟಿಸಿಕೊಳ್ಳಲು ಅಡ್ಡಿಯಿಲ್ಲ. ಕೊಡುವುದಕ್ಕೆ ಮಂಡಳಿ ಮೊದಲೇ ಗೊತ್ತುಪಡಿಸಿದ ಮಿತಿಯಿರಬೇಕು. ಸರ್ವರ್ ಎದ್ದ ಮೇಲೆ ಆ ರಸೀದಿಗಳನ್ನು ಸಂಖ್ಯೆಯ ಕ್ರಮದಲ್ಲಿಯೇ ಒಬ್ಬನು ಏರಿಸಿ ಇನ್ನೊಬ್ಬನು ತಾಳೆ ನೋಡಬೇಕು. ಅದು ಮುಗಿಯುವವರೆಗೆ ಹೊಸ ನಮೂದು ಸಲ್ಲದು.

ಹಲವು ಊರುಗಳಲ್ಲಿ ಶಾಲೆ, ಪ್ರಸಾದನಿಲಯಗಳನ್ನು ನಡೆಸುವ ಸಂಸ್ಥೆಗಳಿಗೂ ಈ ಮಾತುಗಳು ಅನ್ವಯಿಸುತ್ತವೆ. ಶಾಲೆಯೊಂದರ ದಾಖಲಾತಿ ವಹಿಯು ಸಾಮಾನ್ಯವಾಗಿ ಒಂದೇ ಪ್ರತಿ. ಐವತ್ತು ವರ್ಷ ಹಿಂದೆ ಓದಿದವನು ಪಿಂಚಣಿಗಾಗಿಯೋ ಆಸ್ತಿಯ ವ್ಯವಹಾರಕ್ಕಾಗಿಯೋ ಜನ್ಮದಿನಾಂಕದ ಪುರಾವೆ ಕೇಳಿ ಬಂದಾಗ ಆ ವಹಿಯ ಒಂದು ಸಾಲಿನ ಹೊರತು ಅವನಿಗೆ ಬೇರೆ ಆಧಾರವಿರುವುದಿಲ್ಲ. ಹೊಸ ವಿದ್ಯಾರ್ಥಿಗಳ ವಿವರ ಸರ್ಕಾರದ ಗಣಕದಲ್ಲಿದ್ದೀತು. ಹಳಬರದು ಆ ಬೀರುವಿನಲ್ಲಿ ಮಾತ್ರ. ಇದಕ್ಕೆ ಸರ್ವರುಗಳ ಜೋಡಿ ಬೇಕಾಗಿಲ್ಲ. ವಹಿಯ ಪ್ರತಿ ಪುಟದ ಛಾಯಾಪ್ರತಿ ತೆಗೆದು ಎರಡು ಡಿಸ್ಕುಗಳಲ್ಲಿ ತುಂಬಿ, ಒಂದನ್ನು ಶಾಲೆಯಲ್ಲಿಯೂ ಇನ್ನೊಂದನ್ನು ಬೇರೆ ಜಿಲ್ಲೆಯ ಸೋದರ ಸಂಸ್ಥೆಯಲ್ಲಿಯೂ ಇಟ್ಟರೆ ಆಯಿತು. ಹಿರಿಯ ವಿದ್ಯಾರ್ಥಿಗಳಲ್ಲಿ ಈ ಕೆಲಸ ಬಲ್ಲವರು ಎಷ್ಟೋ ಜನರಿದ್ದಾರೆ. ಪರೀಕ್ಷೆಯೂ ಸುಲಭವೇ: ವರ್ಷಕ್ಕೊಂದು ಶನಿವಾರ ಮಧ್ಯಾಹ್ನ ವಹಿಯನ್ನು ಬೀರುವಿನಲ್ಲಿಯೇ ಬಿಟ್ಟು, ಹಳೆಯ ಹತ್ತು ಹೆಸರುಗಳನ್ನು ಚೀಟಿ ಎತ್ತಿ ಆರಿಸಿ, ದೂರದ ಪ್ರತಿಯೊಂದರಿಂದಲೇ ಆ ಹತ್ತು ಜನರ ಪ್ರಮಾಣಪತ್ರಗಳನ್ನು ಬರೆದು, ಬಳಿಕ ವಹಿಯನ್ನು ತೆರೆದು ತಾಳೆ ನೋಡುವುದು.